ಒಂದೇ ಕಾಲೇಜು, ಹಲವು ಬಾಗಿಲು: ಕೈಗೆಟುಕುವ ಎಂಜಿನಿಯರಿಂಗ್ ಸೀಟು ಹುಡುಕುವ ಬಗೆ

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಹಳ್ಳಿಯವರು, ಒಕ್ಕಲುತನ ಮಾಡಿಕೊಂಡಿದ್ದೇವೆ. ಮಗಳು ಒಂದರಿಂದ ಹತ್ತನೇ ತರಗತಿಯವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿ, ಪಿಯುಸಿ ವಿಜ್ಞಾನವನ್ನು ತಾಲ್ಲೂಕು ಕೇಂದ್ರದಲ್ಲಿ ಮುಗಿಸಿದ್ದಾಳೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ 41 ಸಾವಿರದ ಆಸುಪಾಸು ಬಂದಿದೆ. ನಮ್ಮದು 2ಎ ಪ್ರವರ್ಗ, ವರ್ಷದ ಆದಾಯ ಒಂದೂವರೆ ಲಕ್ಷ. ಏನೇ ಮಾಡಿದರೂ ವರ್ಷಕ್ಕೆ 70 ಸಾವಿರಕ್ಕಿಂತ ಹೆಚ್ಚು ಹೊಂದಿಸಲು ಆಗದು. ಅವಳಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್, ಮೋಟಾರು, ವೈರಿಂಗ್ ಅಂದರೆ ಆಸಕ್ತಿ. ನೆಂಟರು ಮಾತ್ರ ‘ಬೆಂಗಳೂರಲ್ಲಿ ಯಾವ ಕಾಲೇಜಾದರೂ ಸರಿ, ಕಂಪ್ಯೂಟರ್ ಸೈನ್ಸೇ ತಗೊಳ್ಳಿ’ ಎನ್ನುತ್ತಾರೆ. ಒಬ್ಬ ಏಜೆಂಟ್ ದಿನವೂ ಫೋನ್ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, ಸಾಲವನ್ನೂ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾನೆ. ನಾವು ಯಾವ ಕಾಲೇಜು ಹಾಕಬೇಕು?

ಉತ್ತರ: ನಿಮ್ಮ ಪತ್ರ ಓದುತ್ತ ನಾಲ್ಕು ಮಾತುಗಳ ಕೆಳಗೆ ಗೆರೆ ಎಳೆದೆ: ಹಳ್ಳಿ, ಕನ್ನಡ ಶಾಲೆ, 2ಎ, ಒಂದೂವರೆ ಲಕ್ಷ. ನೀವು ಇವನ್ನು ಕೊರತೆಗಳ ಹಾಗೆ ಹೇಳಿಕೊಂಡಿದ್ದೀರಿ. ಸೀಟು ಹಂಚಿಕೆಯ ಲೆಕ್ಕದಲ್ಲಿ ಈ ನಾಲ್ಕೂ ನಿಮ್ಮ ಮಗಳ ಕೈಯಲ್ಲಿರುವ ಬೀಗದ ಕೈಗಳು. ಅವನ್ನು ಬಳಸುವುದು ಗೊತ್ತಿಲ್ಲದೆ ಪ್ರತಿ ವರ್ಷ ಎಷ್ಟೋ ಮಕ್ಕಳು ಅಗ್ಗವಾಗಿ ಸಿಗಬೇಕಾದ ಸೀಟಿಗೆ ಎರಡು ಮೂರು ಪಟ್ಟು ಹಣ ಕಟ್ಟುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ಯಾವ ಕಾಲೇಜು’ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ‘ಯಾವ ಬಾಗಿಲಿನಿಂದ’ ಎಂದು ಕೇಳಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಶುಲ್ಕ ನಿಗದಿಯಾಗುವುದು ಕಾಲೇಜಿನ ಹೆಸರಿನ ಮೇಲಷ್ಟೇ ಅಲ್ಲ, ವಿದ್ಯಾರ್ಥಿ ಒಳಗೆ ಬಂದ ದಾರಿಯ ಮೇಲೆ. ಒಂದು ಸಾಮಾನ್ಯ ಖಾಸಗಿ ಅನುದಾನರಹಿತ ಕಾಲೇಜನ್ನು ತೆಗೆದುಕೊಳ್ಳಿ. ಅಲ್ಲಿನ ನೂರು ಸೀಟಿನಲ್ಲಿ 45ನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕಿನ ಮೇಲೆ ಹಂಚುತ್ತದೆ. 30 ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆ ಪರೀಕ್ಷೆ ಬರೆದವರಿಗೆ. ಉಳಿದ 25 ಆಡಳಿತ ಮಂಡಳಿಯ ಕೈಯಲ್ಲಿ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪಾಲು ಕೊಂಚ ಬೇರೆ. ಒಂದೇ ಬೆಂಚಿನಲ್ಲಿ ಕೂತ ಮೂವರಲ್ಲಿ ಒಬ್ಬಳು ವರ್ಷಕ್ಕೆ ಲಕ್ಷದ ಆಸುಪಾಸು ಕಟ್ಟಿರುತ್ತಾಳೆ, ಎರಡನೆಯವಳು ಎರಡು ಲಕ್ಷದ ಮೇಲೆ, ಮೂರನೆಯವಳು ಮಾತುಕತೆಯಲ್ಲಿ ಕುದುರಿದಷ್ಟು. ಪಾಠ, ಪ್ರಯೋಗಾಲಯ, ಕೊನೆಗೆ ಬರುವ ಪದವಿ ಪತ್ರ ಎಲ್ಲವೂ ಒಂದೇ.

ಇದೇ ಕಾಲೇಜಿನಲ್ಲಿ ನಾಲ್ಕನೆಯ ಬಾಗಿಲೂ ಒಂದಿದೆ. ಅದರ ಹೆಸರು ಎಸ್‌ಎನ್‌ಕ್ಯೂ, ಸೂಪರ್‌ನ್ಯೂಮರರಿ ಕೋಟಾ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಮಂಜೂರು ಮಾಡಿದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಕುಟುಂಬದ ಮಕ್ಕಳಿಗೆ ಕೊಡುತ್ತಾರೆ. ಇಲ್ಲಿ ಬೋಧನಾ ಶುಲ್ಕ ಇರುವುದಿಲ್ಲ, ವಿಶ್ವವಿದ್ಯಾಲಯದ ಮತ್ತು ಇತರೆ ಶುಲ್ಕಗಳನ್ನಷ್ಟೇ ಕಟ್ಟಬೇಕು. ಅರವತ್ತು ಸೀಟಿನ ವಿಭಾಗದಲ್ಲಿ ಇಂಥವು ಮೂರೇ ಮೂರು, ಆದ್ದರಿಂದ ಪೈಪೋಟಿ ಜೋರು. ಹಾಗೆಂದು ಕೇಳದೇ ಬಿಡುವುದು ತಪ್ಪು. ಅರ್ಜಿಯಲ್ಲಿ ಈ ಕೋಟಾ ಕೋರಿದ್ದೀರಾ ಎಂದು ಇವತ್ತೇ ತೆಗೆದು ನೋಡಿ. ಒಂದು ಎಚ್ಚರಿಕೆ: ಈ ಬಾಗಿಲಿನಿಂದ ಬಂದವರು ಮುಂದೆ ಕಾಲೇಜನ್ನಾಗಲಿ ವಿಭಾಗವನ್ನಾಗಲಿ ಬದಲಿಸುವಂತಿಲ್ಲ. ಹಾಗಾಗಿ ಬೇಡದ ವಿಭಾಗದಲ್ಲಿ ‘ಸದ್ಯ ಸೇರಿಕೊಳ್ಳೋಣ, ಆಮೇಲೆ ನೋಡೋಣ’ ಎಂಬ ಲೆಕ್ಕ ಇಲ್ಲಿ ನಡೆಯದು.

ಬಹಳ ಜನರ ಕಣ್ಣಿಗೆ ಬೀಳದ ಇನ್ನೊಂದು ಬಾಗಿಲು ಅನುದಾನಿತ ಸೀಟು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ಹಾಸನದ ಮಲೆನಾಡು, ಮಂಡ್ಯದ ಪಿಇಎಸ್, ಕಲಬುರಗಿಯ ಪಿಡಿಎ, ಬೆಂಗಳೂರಿನ ಬಿಎಂಎಸ್ ಮುಂತಾದ ಹಳೆಯ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಮೊದಲಿನಿಂದ ಇದ್ದ ವಿಭಾಗಗಳಿಗೆ ಸರ್ಕಾರದ ಅನುದಾನವಿದೆ. ಅಲ್ಲಿ ಶುಲ್ಕ ಸರ್ಕಾರಿ ಕಾಲೇಜಿನ ಮಟ್ಟಕ್ಕೆ ಹತ್ತಿರ. ಅದೇ ಕಾಲೇಜಿನಲ್ಲಿ ಈಚೆಗೆ ಶುರುವಾದ ವಿಭಾಗಗಳಿಗೆ ಅನುದಾನರಹಿತ ಶುಲ್ಕ. ಕೆಇಎ ಪಟ್ಟಿಯಲ್ಲಿ ಒಂದೇ ಕಾಲೇಜು ಎರಡು ಬೇರೆ ಸಂಕೇತಗಳಲ್ಲಿ ಎರಡು ಸಲ ಕಾಣಿಸಿಕೊಳ್ಳುವುದು ಇದಕ್ಕೇ. ಮುದ್ರಣದೋಷ ಅಂದುಕೊಂಡು ಒಂದನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ. ಎಲೆಕ್ಟ್ರಿಕಲ್ ಕಡೆ ಒಲವಿರುವ ನಿಮ್ಮ ಮಗಳಿಗೆ ಅನುದಾನಿತ ಸೀಟು ಹೇಳಿ ಮಾಡಿಸಿದ್ದು, ಏಕೆಂದರೆ ಅನುದಾನ ಇರುವುದೇ ಹೆಚ್ಚಾಗಿ ಇಂಥ ವಿಭಾಗಗಳಿಗೆ.

ಇನ್ನು ನೇರ ಸರ್ಕಾರಿ ಕಾಲೇಜುಗಳು. ನಿಮ್ಮದೇ ಜಿಲ್ಲೆಯಲ್ಲಿ, ಹಾವೇರಿ ಪಕ್ಕದ ದೇವಗಿರಿಯಲ್ಲಿ ಒಂದಿದೆ. ಕಾರವಾರ, ಹಾಸನ, ರಾಮನಗರ, ಚಾಮರಾಜನಗರ, ಕೆ.ಆರ್. ಪೇಟೆ, ಕುಶಾಲನಗರ, ರಾಯಚೂರು, ಹೂವಿನಹಡಗಲಿ, ಚಳ್ಳಕೆರೆಗಳಲ್ಲೂ ಇವೆ. ಬೆಂಗಳೂರಿನ ಯುವಿಸಿಇ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಹುಟ್ಟಿದ್ದು, ಅಲ್ಲಿಗೆ ತುಂಬ ಒಳ್ಳೆಯ ರ‍್ಯಾಂಕ್ ಬೇಕು. ದಾವಣಗೆರೆಯ ಯುಬಿಡಿಟಿ ನಿಮಗೆ ಹತ್ತಿರ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಂಗ ಕಾಲೇಜು, ಹಳೆಯ ಹೆಸರು. ಆದರೆ ಅಲ್ಲಿಯೂ ಬಾಗಿಲು ನೋಡಿಕೊಳ್ಳಬೇಕು: ಅರ್ಧದಷ್ಟು ಸೀಟುಗಳನ್ನು ಹೆಚ್ಚು ಶುಲ್ಕದ ಪಾವತಿ ಕೋಟಾಕ್ಕೆ ಇಟ್ಟಿದ್ದಾರೆ ಎಂದು ವಿದ್ಯಾರ್ಥಿಗಳು 2024ರಲ್ಲಿ ದೊಡ್ಡದಾಗಿ ಹೋರಾಟ ಮಾಡಿದ್ದರು. ಸರ್ಕಾರಿ ಫಲಕ ಕಂಡ ಮಾತ್ರಕ್ಕೆ ಶುಲ್ಕ ಕಡಿಮೆ ಎಂದು ತಿಳಿಯದೆ, ಆ ವರ್ಷದ ಶುಲ್ಕದ ಪಟ್ಟಿಯಲ್ಲಿ ಆ ಸೀಟಿನ ಎದುರು ಇರುವ ಅಂಕಿಯನ್ನೇ ಓದಿ.

ಈಗ ನಿಮ್ಮ ಬೀಗದ ಕೈಗಳಿಗೆ ಬರೋಣ. ಕೆಇಎ ಪ್ರತಿ ಸುತ್ತಿನ ನಂತರ ಕಾಲೇಜುವಾರು, ವಿಭಾಗವಾರು, ಪ್ರವರ್ಗವಾರು ಕೊನೆಯ ಸೀಟು ಯಾರಿಗೆ ಸಿಕ್ಕಿತೆಂದು ತೋರಿಸುವ ಕಟ್‌ಆಫ್ ರ‍್ಯಾಂಕುಗಳನ್ನು ಪ್ರಕಟಿಸುತ್ತದೆ. ನಿಮ್ಮ ಮಗಳಂಥವರಿಗೆ ಅದಕ್ಕಿಂತ ಉಪಯುಕ್ತ ಕಾಗದ ಬೇರೊಂದಿಲ್ಲ. ಅದರಲ್ಲಿ ಜಿಎಂ ಎಂಬುದು ಸಾಮಾನ್ಯ ಅರ್ಹತೆ. ಅವಳು ನೋಡಬೇಕಾದ ಕಂಬಸಾಲುಗಳು ಇನ್ನೂ ಮೂರಿವೆ: 2ಎಜಿ, 2ಎಆರ್, 2ಎಕೆ. ಕೊನೆಯ ಅಕ್ಷರ ಜಿ ಇದ್ದರೆ ಆ ಪ್ರವರ್ಗದ ಸಾಮಾನ್ಯ ಸೀಟು, ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಆಯಾ ಪ್ರವರ್ಗದ ಒಳಗೇ ಮೀಸಲು. ನಿಮ್ಮ ಮಗಳಿಗೆ ಎರಡೂ ಅನ್ವಯಿಸುತ್ತವೆ. ಜಿಎಂ ಸಾಲಿನಲ್ಲಿ ಮುಚ್ಚಿಹೋದಂತೆ ಕಾಣುವ ವಿಭಾಗ 2ಎಆರ್ ಸಾಲಿನಲ್ಲಿ ಅವಳ ರ‍್ಯಾಂಕಿಗೂ ತೆರೆದಿರಬಹುದು. ನೆಂಟರ ಮಾತನ್ನು ಪಕ್ಕಕ್ಕಿಟ್ಟು ಒಂದು ಭಾನುವಾರ ಮನೆಯವರೆಲ್ಲ ಕೂತು, ಹಿಂದಿನ ಮೂರು ವರ್ಷದ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಈ ಸಾಲುಗಳ ಮೇಲೆ ಬೆರಳಾಡಿಸಿ. ಒಂದೇ ವರ್ಷದ ಅಂಕಿ ನಂಬುವುದಕ್ಕಾಗದು. ಸೀಟುಗಳ ಸಂಖ್ಯೆ ಏರಿಳಿದ ಹಾಗೆ ಕಟ್‌ಆಫ್ ಕೂಡ ಜಾರುತ್ತದೆ. ವಿಶೇಷವಾಗಿ 2024-25ರಿಂದ ಉತ್ತಮ ಮಟ್ಟದ ಕಾಲೇಜುಗಳಿಗೆ ಸೀಟು ಹೆಚ್ಚಿಸಿಕೊಳ್ಳಲು ಇದ್ದ ಮಿತಿಯನ್ನು ಎಐಸಿಟಿಇ ಸಡಿಲಿಸಿದ ಮೇಲೆ ಕಂಪ್ಯೂಟರ್ ಸಂಬಂಧಿ ವಿಭಾಗಗಳ ಲೆಕ್ಕಾಚಾರವೇ ಬದಲಾಗಿದೆ.

ಹೂವಿನಹಡಗಲಿ ನಿಮಗೆ ಹತ್ತಿರವೇ. ಆದರೆ ಅದು ಕಲ್ಯಾಣ ಕರ್ನಾಟಕದ ವ್ಯಾಪ್ತಿಗೆ ಬರುತ್ತದೆ, ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಅಲ್ಲಿನ ಶೇ 70 ಸೀಟು ಆ ಭಾಗದವರಿಗೆ. ಕಟ್‌ಆಫ್ ಪಟ್ಟಿಯನ್ನೂ ಎರಡಾಗಿ ಪ್ರಕಟಿಸುತ್ತಾರೆ. ನೀವು ಹಾವೇರಿಯವರಾದ್ದರಿಂದ ಸಾಮಾನ್ಯ ಪಟ್ಟಿಯನ್ನೇ ನೋಡಬೇಕು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯಸ್ಥರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ತುಂಬಿದ ಸಂಖ್ಯೆಗೆ ಹೊಂದಬೇಕು. ಒಂದು ಅಂಕಿ ತಪ್ಪಿ, 2ಎ ಹುಡುಗನೊಬ್ಬ ಇಡೀ ಹಂಚಿಕೆಯಲ್ಲಿ ಜಿಎಂ ಆಗಿ ಉಳಿದದ್ದು ನನ್ನ ಕಣ್ಣೆದುರೇ ನಡೆದಿದೆ. ಅವನ ಅಪ್ಪನ ಮುಖ ಇನ್ನೂ ನೆನಪಿದೆ.

ಇನ್ನು ಆಯ್ಕೆಗಳನ್ನು ದಾಖಲಿಸುವ ಕೆಲಸ. ಇದರ ಬಗ್ಗೆ ಹಳ್ಳಿ ಹಳ್ಳಿಗಳಲ್ಲಿ, ಸೈಬರ್ ಅಂಗಡಿಗಳಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿಬಿಟ್ಟಿದೆ: ‘ಸಿಗುವುದನ್ನು ಮೊದಲು ಹಾಕಿ, ಇಲ್ಲದಿದ್ದರೆ ಅದೂ ಕೈತಪ್ಪುತ್ತದೆ.’ ಇದನ್ನು ಕೇಳಿ ಎಷ್ಟು ಮಕ್ಕಳು ತಮ್ಮ ಅವಕಾಶವನ್ನು ತಾವೇ ಕೆಳಕ್ಕೆ ತಳ್ಳಿಕೊಂಡಿದ್ದಾರೋ. ಹಂಚಿಕೆ ನಡೆಯುವ ರೀತಿ ಹೀಗಿದೆ. ಗಣಕಯಂತ್ರ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಓದುತ್ತ ಬರುತ್ತದೆ. ಮೊದಲನೆಯದು ಅವಳಿಗೆ ಅರ್ಹವಿರುವ ಯಾವ ಪ್ರವರ್ಗದಲ್ಲೂ ಖಾಲಿ ಇಲ್ಲವೇ, ಎರಡನೆಯದಕ್ಕೆ ಇಳಿಯುತ್ತದೆ. ಹೀಗೆ ಮೊಟ್ಟಮೊದಲು ಖಾಲಿ ಕಂಡ ಸೀಟನ್ನು ಕೊಟ್ಟು ನಿಲ್ಲುತ್ತದೆ. ಅವಳಿಗಿಂತ ಹಿಂದಿನ ರ‍್ಯಾಂಕಿನವರು ಆಮೇಲೆ ಬರುತ್ತಾರೆ. ಅಂದಮೇಲೆ, ಮೊದಲ ಹತ್ತು ಸಾಲಿನಲ್ಲಿ ಆಸೆಯ ಕಾಲೇಜುಗಳನ್ನು ಹಾಕಿದರೂ ಹನ್ನೊಂದನೆಯ ಸಾಲಿನ ಸೀಟು ಎಲ್ಲೂ ಓಡಿಹೋಗುವುದಿಲ್ಲ. ತದ್ವಿರುದ್ಧವಾಗಿ, ಸುಲಭವಾಗಿ ಸಿಗುವುದನ್ನು ಮೊದಲ ಸಾಲಿಗೆ ಹಾಕಿದಿರೋ, ಯಂತ್ರ ಅಲ್ಲೇ ನಿಂತುಬಿಡುತ್ತದೆ. ಕೆಳಗೆ ಇನ್ನೂ ಒಳ್ಳೆಯದು ಸಿಗುವಂತಿದ್ದರೂ ಅದು ಅಲ್ಲಿಗೆ ಬರುವುದೇ ಇಲ್ಲ.

ಆದ್ದರಿಂದ ಪಟ್ಟಿ ನಿಜವಾದ ಇಷ್ಟದ ಕ್ರಮದಲ್ಲೇ ಇರಲಿ. ಅದಕ್ಕೆ ಒಂದೇ ಒಂದು ಷರತ್ತು: ಪ್ರತಿ ಸಾಲಿನ ಎದುರೂ ‘ಇದೇ ಸಿಕ್ಕರೆ ಹಣ ಹೊಂದಿಸಿ ಸೇರುತ್ತೇವೆಯೇ’ ಎಂದು ಕೇಳಿಕೊಳ್ಳಿ. ಇಲ್ಲ ಎನ್ನುವಂತಿದ್ದರೆ ಆ ಸಾಲು ಪಟ್ಟಿಯಲ್ಲಿ ಎಲ್ಲೂ ಇರಬಾರದು. ಖಾಸಗಿ ವಿಶ್ವವಿದ್ಯಾಲಯಗಳ ಸೀಟುಗಳೂ ಕೆಇಎ ಮೂಲಕ ಬರುತ್ತವೆ, ಅವುಗಳ ಶುಲ್ಕ ಬೇರೆ ಮಟ್ಟದ್ದು. ಹೆಸರು ಚೆನ್ನಾಗಿದೆ ಎಂದು ಮೇಲೆ ಹಾಕಿ, ಸೀಟು ಬಂದ ದಿನ ಶುಲ್ಕ ನೋಡಿ ಕಂಗಾಲಾದ ಮನೆಗಳನ್ನು ಕಂಡಿದ್ದೇನೆ. ಪಟ್ಟಿ ಉದ್ದವಾಗಿದ್ದಷ್ಟೂ ಒಳ್ಳೆಯದು. ಮೂವತ್ತು ನಲವತ್ತು ಸಾಲು ಹಾಕಿದರೂ ತಪ್ಪಿಲ್ಲ. ಹಂಚಿಕೆ ಶುರುವಾದ ಮೇಲೆ ಸಾಲುಗಳನ್ನು ಹಿಂದೆ ಮುಂದೆ ಮಾಡಲು, ಅಳಿಸಲು ಅವಕಾಶ ಇರುತ್ತದೆ, ಹೊಸದನ್ನು ಸೇರಿಸಲು ಅವಕಾಶ ಸಿಗುತ್ತದೆಂದು ನಂಬಿ ಕೂರಬೇಡಿ. ಬೇಕಾದ್ದೆಲ್ಲ ಮೊದಲೇ ಒಳಗಿರಲಿ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಬಂದಾಗ ಅದನ್ನು ಸೀಟು ಎಂದು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಪಟ್ಟಿಯ ತಪ್ಪುಗಳನ್ನು ತಿದ್ದಿಕೊಳ್ಳಲು ಅದು ಕೊನೆಯ ಒಳ್ಳೆಯ ಗಳಿಗೆ.

ಖರ್ಚಿನ ಲೆಕ್ಕವನ್ನು ವರ್ಷಕ್ಕೆ ಹಾಕಬೇಡಿ, ನಾಲ್ಕು ವರ್ಷಕ್ಕೆ ಹಾಕಿ. ಶುಲ್ಕದ ಜೊತೆಗೆ ವಸತಿ ಮತ್ತು ಊಟ ಸೇರಿದರೇನೇ ಅದು ಲೆಕ್ಕ. ಉದಾಹರಣೆಗೆ ದುಂಡು ಅಂಕಿಗಳಲ್ಲಿ ನೋಡೋಣ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಶುಲ್ಕ ವರ್ಷಕ್ಕೆ ಒಂದು ಲಕ್ಷ, ಪಿಜಿ ಮತ್ತು ಊಟಕ್ಕೆ ತಿಂಗಳಿಗೆ 9 ಸಾವಿರದಂತೆ ಹತ್ತು ತಿಂಗಳು ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ 7 ಲಕ್ಷ 60 ಸಾವಿರ. ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಊರಿಗೆ ಓಡಾಟ ಇನ್ನೂ ಸೇರಿಲ್ಲ. ಮನೆಯಿಂದ ಓಡಾಡಬಹುದಾದ ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ವರ್ಷಕ್ಕೆ 40 ಸಾವಿರ ಎಂದುಕೊಂಡರೆ ನಾಲ್ಕು ವರ್ಷಕ್ಕೆ 1 ಲಕ್ಷ 60 ಸಾವಿರ. ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಓಡಾಟದ ಖರ್ಚೂ ಉಳಿಯಿತು. ಎರಡರ ನಡುವಿನ ಅಂತರ ಆರು ಲಕ್ಷ. ಅಷ್ಟು ದುಡ್ಡಿನಲ್ಲಿ ಅವಳು ಮುಂದೆ ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಓದಬಹುದು. ಬೆಂಗಳೂರಿನ ಆ ಕಾಲೇಜು ಈ ಆರು ಲಕ್ಷಕ್ಕೆ ಸಮನಾದದ್ದನ್ನು ನಿಜವಾಗಿ ಕೊಡುತ್ತದೆಯೇ? ಕೆಲವು ಕೊಡುತ್ತವೆ. ಬಹಳಷ್ಟು ಕೊಡುವುದಿಲ್ಲ.

ಆದರೆ ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ಕಳೆಯುವ ಹಾಗಿದ್ದರೆ ಉಳಿದ ದುಡ್ಡು ಓದಿನಿಂದ ಕಿತ್ತದ್ದಾಗುತ್ತದೆ. ಒಂದು ಕಡೆಗೆ ಒಂದು ತಾಸಿನ ದಾರಿ ನನ್ನ ಮಿತಿ. ಅದಕ್ಕಿಂತ ದೂರವಾದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ಅಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ನೆರವಿದೆ.

ವಿಭಾಗದ ವಿಷಯಕ್ಕೆ ಬರುತ್ತೇನೆ. ಸ್ಟಾರ್ಟರ್ ಬಿಚ್ಚಿ ನೋಡುವ ಹುಡುಗಿ! ಎಷ್ಟು ಪ್ರಾಧ್ಯಾಪಕರು ಇಂಥ ಒಬ್ಬ ವಿದ್ಯಾರ್ಥಿಗಾಗಿ ಕಾದಿರುತ್ತಾರೆ ಗೊತ್ತೇ? ಕಂಪ್ಯೂಟರ್ ಸೈನ್ಸ್ ಒಳ್ಳೆಯ ವಿಭಾಗವೇ, ಅವಳಿಗೆ ಪ್ರೋಗ್ರಾಮಿಂಗ್ ಹಿಡಿಸುವುದಾದರೆ ಬೇಡ ಎನ್ನಲಾರೆ. ಹಿಡಿಸುತ್ತದೋ ಇಲ್ಲವೋ ಎಂಬುದನ್ನು ಈಗಿರುವ ಕೆಲವು ವಾರಗಳಲ್ಲೇ ಉಚಿತ ಪಾಠವೊಂದನ್ನು ನೋಡಿ, ನಾಲ್ಕಾರು ಸಣ್ಣ ಪ್ರೋಗ್ರಾಂ ಬರೆದು ಅವಳೇ ಪರೀಕ್ಷಿಸಿಕೊಳ್ಳಲಿ. ಆದರೆ ಹೊಸದಾಗಿ ತೆರೆದ, ಕಲಿಸುವವರೇ ಸರಿಯಾಗಿ ಸಿಗದ ಒಂದು ಕಂಪ್ಯೂಟರ್ ವಿಭಾಗಕ್ಕೂ, ನಲವತ್ತು ಐವತ್ತು ವರ್ಷಗಳಿಂದ ನಡೆದು ಬಂದ, ಯಂತ್ರಗಳ ಪ್ರಯೋಗಾಲಯ ಗಟ್ಟಿಯಿರುವ ಎಲೆಕ್ಟ್ರಿಕಲ್ ವಿಭಾಗಕ್ಕೂ ನಡುವೆ ಆರಿಸಬೇಕಾಗಿ ಬಂದರೆ ನಿಮ್ಮ ಮಗಳಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಕೆಪಿಟಿಸಿಎಲ್, ಹೆಸ್ಕಾಂನಂಥ ಕಂಪನಿಗಳ ಸಹಾಯಕ ಎಂಜಿನಿಯರ್ ಹುದ್ದೆಗಳಿಗೆ ಎಲೆಕ್ಟ್ರಿಕಲ್ ಪದವಿಯನ್ನೇ ಕೇಳುತ್ತಾರೆ. ಸೌರಶಕ್ತಿ, ವಿದ್ಯುತ್ ವಾಹನ, ಬ್ಯಾಟರಿ ಇವೆಲ್ಲದರ ಬೇರು ಇದೇ ವಿಭಾಗದಲ್ಲಿದೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಒಟ್ಟೊಟ್ಟಿಗೆ ನೇಮಕ ಮಾಡುವಾಗ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರನ್ನೂ ಪರೀಕ್ಷೆಗೆ ಕೂರಿಸಿಕೊಳ್ಳುತ್ತವೆ. ಕಂಪ್ಯೂಟರ್ ಕಡೆಯಿಂದ ಎಲೆಕ್ಟ್ರಿಕಲ್ ಕಡೆಗೆ ಬರುವ ದಾರಿ ಅಷ್ಟು ಅಗಲವಿಲ್ಲ.

ಕಾಲೇಜಿನ ಗುಣ ಅಳೆಯುವುದು ಹೇಗೆ? ಜಾಹೀರಾತಿನಲ್ಲಿ ‘ಎ ಪ್ಲಸ್’ ಎಂದು ಕಾಣುವುದು ನ್ಯಾಕ್ ಮಾನ್ಯತೆ. ಅದು ಇಡೀ ಸಂಸ್ಥೆಗೆ ಕೊಡುವ ಅಂಕ. ನಿಮಗೆ ಬೇಕಾದದ್ದು ಎನ್‌ಬಿಎ ಮಾನ್ಯತೆ, ಅದನ್ನು ಕೊಡುವುದು ವಿಭಾಗಕ್ಕೆ, ಅದೂ ಇಷ್ಟು ವರ್ಷಕ್ಕೆ ಎಂದು ಅವಧಿ ಕಟ್ಟಿ. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಇದ್ದು ಎಲೆಕ್ಟ್ರಿಕಲ್‌ಗೆ ಇಲ್ಲದಿರಬಹುದು, ಅಥವಾ ಇದ್ದದ್ದು ಮುಗಿದಿರಬಹುದು. ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ, ಎನ್‌ಬಿಎ ಆ ಒಪ್ಪಂದದ ಮಟ್ಟದಲ್ಲಿ ಮಾನ್ಯ ಮಾಡಿದ ಪದವಿಗಳಿಗೆ ಹೊರದೇಶಗಳಲ್ಲೂ ಬೆಲೆ ಬಂದಿದೆ. ಸರ್ಕಾರಿ ಕಾಲೇಜುಗಳಲ್ಲಿ ಮಾನ್ಯತೆ ಇಲ್ಲದ ವಿಭಾಗಗಳೂ ಇವೆ. ಹಾಗೆಂದು ಕೂಡಲೇ ತಳ್ಳಿಹಾಕಬೇಡಿ, ಆದರೆ ಅಂಥ ಕಡೆ ಇನ್ನಷ್ಟು ಕಣ್ಣಿಟ್ಟು ನೋಡಿ.

ನೋಡುವುದೆಂದರೆ ಹೋಗಿಯೇ ನೋಡಬೇಕು. ಕಾಲೇಜಿನವರು ಕರೆಯುವ ‘ಮುಕ್ತ ದಿನ’ಕ್ಕೆ ಹೋಗಬೇಡಿ, ತರಗತಿ ನಡೆಯುವ ಒಂದು ಸಾಮಾನ್ಯ ದಿನ ಮಧ್ಯಾಹ್ನದ ಹೊತ್ತಿಗೆ ಹೋಗಿ. ಆ ಹೊತ್ತಿಗೆ ಪ್ರಯೋಗಾಲಯಗಳು ನಡೆಯುತ್ತಿರಬೇಕು. ಎಲೆಕ್ಟ್ರಿಕಲ್ ವಿಭಾಗದ ಯಂತ್ರಗಳ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಇಣುಕಿ. ಮೋಟಾರುಗಳ ಮೇಲೆ ದೂಳು ಕೂತಿದೆಯೇ? ಒಂದು ಮೇಜಿನ ಸುತ್ತ ನಾಲ್ವರು ಇದ್ದಾರೋ ಹದಿನಾಲ್ವರೋ? ಎಲ್ಲರ ಕೈಗೂ ತಂತಿ ಸಿಗುತ್ತಿದೆಯೋ, ಒಬ್ಬ ಮಾಡಿದ್ದನ್ನು ಉಳಿದವರು ಬರೆದುಕೊಳ್ಳುತ್ತಿದ್ದಾರೋ? ಕಾವಲಿನವರು ಒಳಗೆ ಬಿಡದಿದ್ದರೆ ಹೊರಗೆ ಚಹಾದಂಗಡಿಯಲ್ಲಿ ಕೂತು ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಮೊದಲ ವರ್ಷದವರಿಗೆ ಇನ್ನೂ ತಿಳಿದಿರುವುದಿಲ್ಲ, ಕೊನೆಯ ವರ್ಷದವರಿಗೆ ಕೆಲಸದ ಚಿಂತೆ. ಮೂರನೇ ವರ್ಷದವರು ಸತ್ಯ ಹೇಳುತ್ತಾರೆ. ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಮೇಷ್ಟ್ರುಗಳು ಬದಲಾದರು, ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಶುಲ್ಕ ಬಿಟ್ಟು ಬೇರೆ ಯಾವ ಯಾವ ಹೆಸರಲ್ಲಿ ಹಣ ಕೇಳಿದರು, ವಸತಿಗೃಹದಲ್ಲಿ ಬೇಸಿಗೆಯಲ್ಲಿ ನೀರು ಬರುತ್ತದೆಯೇ ಎಂದು ನಿಮ್ಮ ಮಗಳೇ ಕೇಳಲಿ, ನೀವು ಪಕ್ಕದಲ್ಲಿ ಸುಮ್ಮನಿರಿ. ಮಕ್ಕಳು ಮಕ್ಕಳಿಗೆ ಹೇಳುವುದನ್ನು ದೊಡ್ಡವರಿಗೆ ಹೇಳುವುದಿಲ್ಲ.

ಸರ್ಕಾರಿ ಕಾಲೇಜುಗಳ ದೊಡ್ಡ ತೊಂದರೆಯನ್ನೂ ಮುಚ್ಚಿಡಲಾರೆ. ಕಾಯಂ ಅಧ್ಯಾಪಕರ ಕೊರತೆಯಿಂದ ಅತಿಥಿ ಉಪನ್ಯಾಸಕರ ಮೇಲೆ ಪಾಠ ನಿಂತಿರುತ್ತದೆ, ಅವರ ನೇಮಕ ತಡವಾದರೆ ಸೆಮಿಸ್ಟರ್ ಶುರುವಾಗಿಯೂ ತರಗತಿ ಇರುವುದಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳೂ ಕಡಿಮೆ. ತಾನಾಗಿಯೇ ಕೂತು ಓದುವ ಅಭ್ಯಾಸವಿರುವ ಮಗುವಿಗೆ ಇದು ದಾಟಬಹುದಾದ ಹಳ್ಳ. ಬೆನ್ನ ಹಿಂದೆ ಯಾರಾದರೂ ನಿಂತಿರಲೇಬೇಕು ಎನ್ನುವ ಮಗುವಿಗೆ ಕಷ್ಟ. ನಿಮ್ಮ ಮಗಳು ಯಾವ ಬಗೆಯವಳು ಎಂಬುದು ನನಗಿಂತ ನಿಮಗೆ ಗೊತ್ತು.

ಖಾಸಗಿ ಕಾಲೇಜಿನವರು ‘ನಮ್ಮಲ್ಲಿ ಇಷ್ಟು ಲಕ್ಷದ ಪ್ಯಾಕೇಜ್’ ಎಂದಾಗ ಅದು ಒಬ್ಬರಿಗೆ ಬಂದ ಅತಿ ಹೆಚ್ಚಿನ ಸಂಬಳ. ಎಲೆಕ್ಟ್ರಿಕಲ್‌ನಲ್ಲಿ ಕಳೆದ ವರ್ಷ ಎಷ್ಟು ಮಂದಿ ಕೊನೆಯ ವರ್ಷದಲ್ಲಿದ್ದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಲಿನ ನಡುವೆ ನಿಂತವರಿಗೆ ಎಷ್ಟು ಸಂಬಳ ಎಂದು ಕೇಳಿ. ಕೊನೆಯದಕ್ಕೆ ಉತ್ತರ ಕೊಡುವ ಕಾಲೇಜನ್ನು ಗೌರವಿಸಿ.

ಕನ್ನಡ ಶಾಲೆಯ ಮಾತು ಬಿಟ್ಟು ಮುಂದೆ ಹೋಗಲಾರೆ, ಏಕೆಂದರೆ ಕಾಲೇಜು ಹೊಂದುವುದೆಂದರೆ ಇದೂ ಸೇರಿತು. ಕನ್ನಡ ಮಾಧ್ಯಮದಿಂದ ಬಂದ ಜಾಣ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಮುಗ್ಗರಿಸುವುದನ್ನು ವರ್ಷವರ್ಷವೂ ನೋಡಿದ್ದೇನೆ. ಅವರಿಗೆ ವಿಷಯ ಗೊತ್ತಿರುತ್ತದೆ, ಪಾಠದ ವೇಗ ಮತ್ತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಅಂಜಿಕೆ ಕಾಲು ಹಿಡಿಯುತ್ತವೆ. ಮೊದಲ ಇಂಟರ್ನಲ್‌ನಲ್ಲಿ ಅಂಕ ಕಡಿಮೆ ಬಂದ ಕೂಡಲೇ ‘ನಾನಿಲ್ಲಿಗೆ ತಕ್ಕವಳಲ್ಲ’ ಎಂದುಕೊಂಡುಬಿಡುತ್ತಾರೆ. ನಮ್ಮ ಜಿಲ್ಲಾ ಕೇಂದ್ರಗಳ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಮೇಷ್ಟ್ರು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹೊರಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ, ಪಕ್ಕದಲ್ಲಿ ಕೂತವರೂ ಅಂಥದೇ ಶಾಲೆಗಳಿಂದ ಬಂದಿರುತ್ತಾರೆ. ಇದಕ್ಕೆ ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಅಂಕವಿಲ್ಲ, ನನ್ನ ಲೆಕ್ಕದಲ್ಲಿ ಬಹಳ ಇದೆ. ತರಗತಿ ಶುರುವಾಗುವ ಮೊದಲು ಪಿಯುಸಿಯ ಕಲನಶಾಸ್ತ್ರವನ್ನು ಮತ್ತೊಮ್ಮೆ ಬಿಡಿಸಿ ನೋಡಿಕೊಳ್ಳಲು ಅವಳಿಗೆ ಹೇಳಿ. ಮೊದಲ ವರ್ಷದ ಗಣಿತ ಅಲ್ಲಿಂದಲೇ ಮೇಲಕ್ಕೇಳುತ್ತದೆ.

ವಿದ್ಯಾರ್ಥಿವೇತನಗಳು. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಿಂದುಳಿದ ವರ್ಗಗಳ ಶುಲ್ಕ ಮರುಪಾವತಿ, ವಿದ್ಯಾಸಿರಿ ಎರಡಕ್ಕೂ ಅರ್ಜಿ ಹಾಕಬೇಕು, ಆದಾಯದ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಇ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11 ಸಾವಿರ ಎಂದು ನಿಗದಿ ಮಾಡಿದ್ದರು. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆಲ್ಲಕ್ಕಿಂತ ದೊಡ್ಡದು: ತಾಂತ್ರಿಕ ಶಿಕ್ಷಣ ಪಡೆಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50 ಸಾವಿರ, ಆದಾಯ 8 ಲಕ್ಷದ ಒಳಗಿರಬೇಕು, ಮೆರಿಟ್ ಮೇಲೆ ಕೊಡುತ್ತಾರೆ. ಮೊದಲ ವರ್ಷವೇ ಅರ್ಜಿ ಹಾಕಿ. ಎರಡು ನೆರವುಗಳನ್ನು ಒಟ್ಟಿಗೆ ಪಡೆಯಲು ನಿಯಮ ಬಿಡದಿದ್ದರೆ ದೊಡ್ಡದನ್ನು ಇಟ್ಟುಕೊಳ್ಳಿ. ಇವು ಬರುವುದು ತಡವಾಗುತ್ತದೆ. ಹಾಗಾಗಿ ಮೊದಲ ವರ್ಷದ ಶುಲ್ಕಕ್ಕೆ ಈ ಹಣವನ್ನು ನಂಬಿ ಕೂರಬೇಡಿ.

ಸಾಲ ಮಾಡಲೇಬೇಕಾದರೆ ಬ್ಯಾಂಕಿಗೇ ಹೋಗಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಸಾಮಾನ್ಯ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಆದಾಯ 4.5 ಲಕ್ಷದ ಒಳಗಿರುವ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಸಿಗಬಹುದು, ಬ್ಯಾಂಕಿನಲ್ಲಿ ಅದನ್ನು ನೀವೇ ಕೇಳಿ ಪಡೆಯಬೇಕು.

ಆ ಏಜೆಂಟಿನ ಫೋನ್ ಇನ್ನು ಎತ್ತಬೇಡಿ. ನಿಮ್ಮ ಆದಾಯಕ್ಕೆ ಮ್ಯಾನೇಜ್‌ಮೆಂಟ್ ಸೀಟಿನ ಸಾಲವೆಂದರೆ ಹೊಲಕ್ಕೆ ಕೈ ಹಾಕಿದ ಹಾಗೆ. ಕೆಇಎ ಲಾಗಿನ್ನಿನ ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ. ಬೇರೆಯವರ ಹೆಸರಲ್ಲಿ ಸೀಟು ಹಿಡಿದಿಟ್ಟು ಕೊನೆಗೆ ಬಿಟ್ಟುಕೊಡುವ ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ 2024ರ ಕೊನೆಗೆ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದ್ದರು. ಸೇರುವ ದಿನ ಕಾಲೇಜಿನವರು ಹೆಚ್ಚಿನ ಹಣ ಕೇಳಿದರೆ ರಸೀದಿ ಕೇಳಿ. ರಸೀದಿ ಕೊಡುವುದಿಲ್ಲ ಎಂದರೆ ಕೆಇಎಗೆ ದೂರು ಬರೆಯಿರಿ. ನಮ್ಮ ಪರಿಚಯದ ಹುಡುಗನೊಬ್ಬನಿಗೆ ಒಂದು ಕಾಲೇಜಿನಲ್ಲಿ ‘ಕೌಶಲ ತರಬೇತಿ’ ಹೆಸರಲ್ಲಿ 30 ಸಾವಿರ ಕೇಳಿದ್ದರು. ಅವನ ಅಕ್ಕ ಶುಲ್ಕ ನಿಗದಿಯ ಆದೇಶದ ಪ್ರತಿ ಹಿಡಿದು ರಸೀದಿ ಕೇಳಿದ ಮೇಲೆ ಆ ಮಾತು ನಿಂತಿತು.

ಇಷ್ಟೆಲ್ಲ ಹೇಳಿ ನನ್ನ ಅಂದಾಜಿನ ಕ್ರಮವನ್ನೂ ಹೇಳಿಬಿಡುತ್ತೇನೆ. ಮೇಲಿನ ಸಾಲುಗಳಲ್ಲಿ ಬಾಗಲಕೋಟೆ, ಹಾಸನ, ಮಂಡ್ಯದಂಥ ಅನುದಾನಿತ ಎಲೆಕ್ಟ್ರಿಕಲ್ ಸೀಟುಗಳು ಮತ್ತು ಕಡಿಮೆ ಶುಲ್ಕದ ಬಾಗಿಲು ಸಿಗುವುದಾದರೆ ಯುಬಿಡಿಟಿ. ಅದರ ಕೆಳಗೆ ನಿಮ್ಮ ಸುತ್ತಮುತ್ತಲಿನ ಸರ್ಕಾರಿ ಕಾಲೇಜುಗಳ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್, ಯಾವುದು ಎಲ್ಲಿದೆಯೋ ಅದು. ಆಮೇಲೆ ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಕಡೆಯ ಖಾಸಗಿ ಕಾಲೇಜುಗಳಲ್ಲಿ ಎನ್‌ಬಿಎ ಇರುವ ಇದೇ ವಿಭಾಗಗಳ ಸರ್ಕಾರಿ ಕೋಟಾ, ಅದೂ ವಸತಿ ಸೇರಿಸಿ ನಿಮ್ಮ 70 ಸಾವಿರ ಮತ್ತು ಒಂದಿಷ್ಟು ಬ್ಯಾಂಕ್ ಸಾಲದೊಳಗೆ ಬರುವಷ್ಟು ಮಾತ್ರ. ಬೆಂಗಳೂರು ಈ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ.

ಮೊದಲ ಸುತ್ತಿನಲ್ಲಿ ಸೀಟು ಬಂದಾಗ ನಾಲ್ಕು ಆಯ್ಕೆಗಳು ಕಾಣುತ್ತವೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಈ ಸೀಟನ್ನು ಇಟ್ಟುಕೊಂಡೇ ಮೇಲಿನದಕ್ಕೆ ಕಾಯುವುದು. ಮೂರನೆಯದು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಹೊರನಡೆಯುವುದು. ಬಂದ ಸೀಟು ಒಪ್ಪುವಂತಿದ್ದು ಅದಕ್ಕಿಂತ ಮೇಲೆ ಇನ್ನೂ ಆಸೆ ಉಳಿದಿದ್ದರೆ ಎರಡನೆಯದನ್ನು ಒತ್ತಿ. ಆದರೆ ಒತ್ತುವ ಮುನ್ನ ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿ, ಈಗ ಬೇಡವೆನಿಸಿದ್ದನ್ನು ಅಳಿಸಿ. ಮುಂದಿನ ಸುತ್ತಿನಲ್ಲಿ ಮೇಲಿನದೊಂದು ಬಂದರೆ ಹಿಡಿದಿಟ್ಟ ಸೀಟು ತಾನಾಗಿಯೇ ಹೋಗುತ್ತದೆ, ಮತ್ತೆ ಕೇಳಿದರೂ ಸಿಗುವುದಿಲ್ಲ. ಕೈಯಲ್ಲಿ ಬೇರೆ ಏನೂ ಇಲ್ಲದಿದ್ದರೆ ಮೂರನೆಯದರ ಹತ್ತಿರ ಹೋಗಬೇಡಿ.

ಪಟ್ಟಿ ತಯಾರಾದ ಮೇಲೆ ಶುಲ್ಕದ ಅಂಕಿಗಳನ್ನೂ ಪಕ್ಕದಲ್ಲಿ ಬರೆದು ಕಳಿಸಿ, ಸಾಲು ಸಾಲಾಗಿ ನೋಡಿಕೊಡುತ್ತೇನೆ.